ಕೆಂಚಿ ನಿಲ್ಲುವ ಅಗಲ

ಅಕ್ಟೋಬರ್ 6, 2024. ಭಾನುವಾರ. ಬಾಗೂರಿನ ಹಟ್ಟಿ

ಹೆಗಲವರೆಗೆ ಎತ್ತರ 134 ಸೆಂ.ಮೀ. ಎದೆಯ ಅಗಲ 44. ಹೊಟ್ಟೆಯ ಹತ್ತಿರ 58. ಮೂತಿಯಿಂದ ಬಾಲದ ಬುಡಕ್ಕೆ 205. ತಲೆ ಎತ್ತಿದರೆ ಕಿವಿಯ ತುದಿ 190. ಎರಡು ಸಲ ಅಳೆದೆ. ಎರಡೂ ಸಲ ಅದೇ. ಕೆಂಚಿ ಟೇಪಿನ ತುದಿ ಮೂಸಿದಳು, ಅಷ್ಟೆ. ಅಲುಗಲಿಲ್ಲ. ಹೊಳಲ್ಕೆರೆ ತಾಲ್ಲೂಕಿನಲ್ಲಿ ಜಮೀನು ಅಳೆಯಲು ಹೋದ ಕಡೆ ಇಷ್ಟು ಸುಮ್ಮನೆ ನಿಂತ ರೈತರನ್ನು ನಾನು ಕಂಡಿಲ್ಲ.

ಟೇಪು ಸರ್ವೆ ಆಫೀಸಿನದಲ್ಲ, ನನ್ನದು. ಬರೆದಿಡುವುದು ಒಳ್ಳೆಯದು.

ಮುದ್ದಕ್ಕತ್ತೆ — ಅಪ್ಪನ ತಂಗಿ — ಸೊಪ್ಪಿನ ಹೊರೆ ಇಳಿಸಿ ನೋಡುತ್ತ ನಿಂತರು.

"ಏನೇ ರಂಜಿ, ಕುದ್ರೆಗೆ ಕುಪ್ಸ ಹೊಲಿಸ್ತೀಯೇನೇ?"

"ಗಾಡಿ ಮಾಡಿಸ್ಬೇಕು ಅತ್ತೆ. ಇವಳೊಬ್ಬಳಿಗೇ."

"ಒಬ್ಳಿಗೇ! ನಂಗೆ ಮದ್ವೆ ದಿವ್ಸನೂ ಒಬ್ಳಿಗೇ ಅಂತ ಗಾಡಿ ಬರ್ಲಿಲ್ಲ ಕಣೇ."

ಹೋದ ವರ್ಷ ಎರಡಿದ್ದವು. ಕೆಂಚಿ ಮತ್ತು ಕರಿಯ. ಭತ್ತದ ಕಟಾವು ಮುಗಿದ ಮೇಲೆ ನಮ್ಮ ಕುರಿಮಂದೆ ದಾವಣಗೆರೆ ಕಡೆಯ ನಾಲೆ ಗದ್ದೆಗಳಿಗೆ ಹೋಗುತ್ತದೆ. ತೊಂಬತ್ತು ಕಿಲೋಮೀಟರ್. ಕುರಿಗಳ ಜೊತೆ ಕುದುರೆಗಳನ್ನೂ ಬಾಡಿಗೆ ಲಾರಿಗೇ ಹತ್ತಿಸಿದ್ದು. ಕುರಿ ತುಂಬುವ ಹಾಗೆಯೇ ತುಂಬಿದ್ದು — ಒತ್ತಿ, ಸಂದಿಲ್ಲದಂತೆ. ದಾರಿಯಲ್ಲಿ ಒಂದು ತಿರುವಿನಲ್ಲಿ ಕರಿಯ ಬಿದ್ದ. ಏಳಲು ಜಾಗವಿರಲಿಲ್ಲ. ಲಾರಿ ನಿಲ್ಲಿಸಿ ಹಲಗೆ ಇಳಿಸುವಷ್ಟರಲ್ಲಿ ಮುಗಿದಿತ್ತು. ಹಟ್ಟಿಯಲ್ಲಿ ಇವತ್ತಿಗೂ ಅದೇ ಮಾತು — ಓಬಳೇಶ ತುಂಬಿದ, ಕುದುರೆ ಸತ್ತಿತು. ಓಬಳೇಶ ನನ್ನ ಅಣ್ಣ.

ಅಣ್ಣ ಇವತ್ತು ಕಡ್ಡಿ ಮುರಿದ ಹಾಗೆ ಹೇಳಿದ: "ಡಿಸೆಂಬರ್ ಒಂದಕ್ಕೆ ಲಾರಿ ಬರ್ತೈತೆ. ಅಷ್ಟ್ರಾಗೆ ನಿನ್ ಗಾಡಿ ಬಂದು ಕೆಂಚಿ ಹತ್ತಿದ್ರೆ ಸರಿ. ಇಲ್ಲಾಂದ್ರೆ ಬಾಲರಾಜುಗೆ ಕೊಟ್ ಬಿಡ್ತೀನಿ. ಮಾತಾಡೀನಿ."

ಬಾಲರಾಜು ದುರ್ಗದಲ್ಲಿ ಮದುವೆ ಮೆರವಣಿಗೆಗೆ ಕುದುರೆ ಬಾಡಿಗೆ ಕೊಡುವವನು.

"ಬ್ಯಾಂಡ್‌ಸೆಟ್ ಮುಂದೆ ಕುಣಿಸೋದಕ್ಕಾ?"

"ಲಾರಿಯಾಗೆ ಸಾಯೋದ್ಕಿಂತ ಕುಣೀಲಿ ಬಿಡು."

ಕೊಡಲ್ಲ ಎಂದೆ. ಕೊಡಲ್ಲ.

ಕೆಂಚಿಯನ್ನು ಹಿಂದೆ ಬಿಟ್ಟುಹೋಗುವಂತಿಲ್ಲ. ಮಂದೆ ಹೊರಟರೆ ಮನೆಯಲ್ಲಿ ಯಾರೂ ಉಳಿಯುವುದಿಲ್ಲ. ಹೊಳಲ್ಕೆರೆಯಲ್ಲಿ ನನ್ನದು ಮಹಡಿ ಮೇಲಿನ ಎರಡು ಕೋಣೆ. ಮೊದಲೆಲ್ಲ ಮಂದೆಯ ಜೊತೆ ಐದು ದಿನ ನಡೆದೇ ಹೋಗುತ್ತಿದ್ದರು. ಈಗ ಅತ್ತೆಯ ಮೊಣಕಾಲು ಕೇಳುವುದಿಲ್ಲ, ಅದಿರು ಲಾರಿಗಳಂತೂ ಯಾರ ಮಾತೂ ಕೇಳುವುದಿಲ್ಲ.

ಅಕ್ಟೋಬರ್ 8, ಮಂಗಳವಾರ. ಹೊಳಲ್ಕೆರೆ

ಬೆಳಿಗ್ಗೆ ಹದ್ದುಬಸ್ತು. ಅರ್ಧ ಅಡಿ ಬದುವಿಗೆ ಇಬ್ಬರು ಅಣ್ಣತಮ್ಮಂದಿರು, ನಡುವೆ ನಾನು. ಕಲ್ಲು ನೆಡಿಸಿ ಬಂದೆ.

ಈ ವಾರ ಓದುತ್ತಿರುವ ಅನುವಾದಿತ ಕಾದಂಬರಿ ಯಾವುದೋ ಹಿಮದ ನಾಡಿನದು. ಮುನ್ನೂರ ಹತ್ತು ಪುಟ. ಮೊದಲಿನಿಂದ ಕೊನೆಯವರೆಗೆ ಅವೇ ಮೂರು ಕುದುರೆ ಓಡುತ್ತವೆ. ನೀರು ಕುಡಿದದ್ದು ಒಂದೇ ಸಲ, ಪುಟ 212. ಪೆನ್ಸಿಲಿನಲ್ಲಿ ಗುರುತು ಹಾಕಿದ್ದೇನೆ. ಅನುವಾದಕರು ಎರಡು ವಾಕ್ಯ ನುಂಗಿದರೋ, ಮೂಲದಲ್ಲೇ ಇಲ್ಲವೋ… ಬರೆದವರಿಗೆ ಪ್ರೀತಿ ಗೊತ್ತು, ಸಾವು ಗೊತ್ತು, ಕುದುರೆಯ ಬಾಯಾರಿಕೆ ಗೊತ್ತಿಲ್ಲ.

ಒಂದು ವಾರದಿಂದ ಮೊಬೈಲಿನಲ್ಲಿ ಪರದೇಶದ ಕುದುರೆ ಟ್ರೇಲರ್‌ಗಳನ್ನು ನೋಡುತ್ತಿದ್ದೇನೆ. ನಮ್ಮ ಕಡೆ ಅಂಥದ್ದು ಮಾರುವವರಿಲ್ಲ. ಆದರೆ ಒಂದು ವಿಷಯ ಎಲ್ಲರೂ ಹೇಳುತ್ತಾರೆ — ಬಣ್ಣ ನೋಡಬೇಡಿ, ನೆಲ ನೋಡಿ. ಕುದುರೆಯ ಉಚ್ಚೆ ಹಲಗೆಯನ್ನು ಒಳಗಿನಿಂದ ತಿನ್ನುತ್ತದೆ. ಓಡುವ ಗಾಡಿಯಲ್ಲಿ ನೆಲ ಒಡೆದರೆ ಕಾಲು ರಸ್ತೆಗೆ.

ಅಕ್ಟೋಬರ್ 12, ಶನಿವಾರ. ವಿಜಯದಶಮಿ

ದುರ್ಗಕ್ಕೆ ಹೋಗಿದ್ದೆ. ಬಾಲರಾಜು ಹತ್ತಿರ ಒಂದು ಹಳೆಯ ಟ್ರೇಲರ್ ಮಾರಾಟಕ್ಕಿದೆ ಎಂದು ಕೇಳಿ. ಯಾರಿಗೆ ಕೆಂಚಿ ಹೋಗಬಾರದೋ ಅವನಿಂದಲೇ ಗಾಡಿ ಕೊಳ್ಳುವುದು — ಅದರಲ್ಲಿ ಒಂದು ಖುಷಿ ಇತ್ತು, ಒಪ್ಪಿಕೊಳ್ಳುತ್ತೇನೆ.

ಮದಕರಿಪುರದ ರಸ್ತೆಯಲ್ಲಿ ಅವನ ಶೆಡ್. ಆಯುಧಪೂಜೆಯ ಕುಂಬಳಕಾಯಿ ಇನ್ನೂ ಬಾಗಿಲಲ್ಲೇ. ಟ್ರೇಲರ್‌ಗೂ ಬೂದಿ, ಕುಂಕುಮ, ಚೆಂಡುಹೂ. ಬಿಳಿ ಬಣ್ಣ, ಎರಡು ಕುದುರೆಯ ಜಾಗ, ಮೇಲೆ ಸೂರು. ನೋಡಲು ಚೆಂದ.

"ಬೆಂಗ್ಳೂರ್ ಮಾಲು ಮೇಡಂ, ಪಕ್ಕಾ. ಕಣ್ ಮುಚ್ಕಂಡ್ ತಗಳ್ರಿ."

"ಮ್ಯಾಟ್ ಎತ್ತಿಸಿ."

"ಮ್ಯಾಟ್ ಯಾಕ್ರಿ ಎತ್ತದು? ಕುದ್ರೆ ಮ್ಯಾಟ್ ಮ್ಯಾಲ್ ತಾನೆ ನಿಲ್ಲದು?"

"ಮ್ಯಾಟ್ ಹಲಗೆ ಮೇಲೆ ನಿಂತಿದೆ."

ನಾನೇ ಎತ್ತಿದೆ. ಸ್ಕ್ರೂಡ್ರೈವರ್ ಒಯ್ದಿದ್ದೆ. ಮುಂದಿನ ಮೂರು ಹಲಗೆ ಗಟ್ಟಿ. ನಾಲ್ಕನೆಯದರಲ್ಲಿ ತುದಿ ಒಂದು ಇಂಚು ಇಳಿಯಿತು. ಐದನೆಯದರಲ್ಲಿ ಪೂರ್ತಿ. ಒತ್ತಲೂ ಇಲ್ಲ. ಗಾಡಿಯ ಕೆಳಗೆ ಬಗ್ಗಿ ನೋಡಿದರೆ ಅಡ್ಡಪಟ್ಟಿಯೂ ತುಕ್ಕು. ಮೇಲೆ ಬಿಳಿ ಬಣ್ಣ ಬಳಿದಿದ್ದಾರೆ.

ಬಾಲರಾಜು ಕೈಕಟ್ಟಿ ನಿಂತಿದ್ದ. "ನೀವು ಗಾಡಿ ತಗಳಕ್ ಬಂದೀರೋ, ಪೋಸ್ಟ್‌ಮಾರ್ಟಂ ಮಾಡಕ್ ಬಂದೀರೋ?"

"ಈಗ ಮಾಡಿದ್ರೆ ಆಮೇಲೆ ಮಾಡೋದು ತಪ್ಪುತ್ತೆ."

"ಒಂದ್ ಹಲಗಿ ಬದ್ಲಾಯಿಸ್ಕಳ್ರಿ, ಅಷ್ಟೇ ತಾನೆ! ನನ್ ಕುದ್ರೆ ಎರಡ್ ವರ್ಷ ಇದ್ರಾಗೇ ತಿರಿಗ್ಯಾವೆ."

"ಅವುಗಳ ಪುಣ್ಯ."

ಬೆಲೆ ಕೇಳದೆ ಬಂದೆ. ಬಸ್ಸಿನಲ್ಲಿ ಕುಳಿತು ಸ್ಕ್ರೂಡ್ರೈವರಿನ ತುದಿ ಒರೆಸಿದೆ.

ಅಕ್ಟೋಬರ್ 13, ಭಾನುವಾರ

ಅಣ್ಣನ ಫೋನು. "ಬಾಲರಾಜು ಉರ್ಕಂಡವ್ನೆ. ನಿನ್ ತಂಗಿ ಹಬ್ಬದ್ ದಿವ್ಸ ಬಂದು ಗಾಡಿಗೆ ಚುಚ್ಚಿ ಹೋದ್ಲು ಅಂತಾನೆ."

"ಚುಚ್ಚಿದ್ದು ಗಾಡಿಗೆ. ಅವನಿಗಲ್ಲ."

ಅಣ್ಣ ನಕ್ಕ. ತುಂಬ ದಿನದ ಮೇಲೆ. ಆಮೇಲೆ ಗಂಭೀರವಾಗಿ, "ಲೇ ರಂಜಿ, ಯಾವ್ ಗಾಡಿಯಾದ್ರೂ ಗಾಡಿನೇ ಕಣೆ. ಬೀಳೋದು ಬೀಳ್ತೈತೆ."

ಬೀಳುವುದಿಲ್ಲ.

ಅಕ್ಟೋಬರ್ 20, ಭಾನುವಾರ. ಹಿರಿಯೂರು

ಬೋರಣ್ಣನ ಬಾಡಿ ಬಿಲ್ಡಿಂಗ್ ಶೆಡ್, ಬೈಪಾಸಿನ ಹತ್ತಿರ. ಕುರಿ ಸಾಗಿಸುವ ಗಾಡಿ ಕಟ್ಟುವುದರಲ್ಲಿ ಹೆಸರು. ನನ್ನ ನಕ್ಷೆ ತಲೆಕೆಳಗು ಹಿಡಿದು ನೋಡಿದರು. ತಿರುಗಿಸಿಕೊಟ್ಟೆ. ಮತ್ತೆ ತಿರುಗಿಸಿದರು.

"ಮೇಡಂ, ಮೂವತ್ ವರ್ಷದಿಂದ ಕುರಿಗಾಡಿ ಕಟ್ತಾ ಇದೀನಿ. ಇಲ್ಲೀಗಂಟ ಒಂದ್ ಕುರಿನೂ ಬಂದು ಕಂಪ್ಲೇಂಟ್ ಹೇಳಿಲ್ಲ."

"ಇದು ಕುದುರೆ."

"ಕುದ್ರೆಗೇನ್ ಕೊಂಬ್ ಐತಾ? ನಾಕ್ ಕಾಲು, ಒಂದ್ ಬಾಲ."

ಆದರೆ ಕೆಲಸ ಬಲ್ಲವರು. ಶಾಮಿಯಾನದವರ ಜನರೇಟರ್ ಹೊತ್ತು ತಿರುಗುತ್ತಿದ್ದ ಹಳೆಯ ಟ್ರೇಲರ್ ಒಂದು ಅವರ ಹಿತ್ತಲಲ್ಲಿದೆ. ನಾಲ್ಕು ಚಕ್ರ, ಪಟ್ಟಿ ಸ್ಪ್ರಿಂಗು, ಕಾಗದಪತ್ರ ಸರಿ. ಚಾಸಿ ಗಟ್ಟಿ, ಸುತ್ತಿಗೆಯಲ್ಲಿ ಬಡಿದು ನಾನೇ ಕೇಳಿದೆ. ಅದರ ಮೇಲೆ ಕಟ್ಟುವುದು ಎಂದಾಯಿತು.

ನೆಲದ ವಿಷಯಕ್ಕೆ ಜಗಳ. ಅವರಿಗೆ ಹೊಳೆಯುವ ಕಬ್ಬಿಣದ ಶೀಟೇ ಬೇಕು. ಜಾರುತ್ತದೆ, ಕಾಯುತ್ತದೆ ಎಂದೆ. "ಬಂಗಾರದಂಗೆ ಕಾಣ್ತೈತೆ ಮೇಡಂ!" ಕೆಂಚಿ ಬಂಗಾರ ನೋಡಲ್ಲ ಎಂದೆ. ಕೊನೆಗೆ ಎರಡಿಂಚಿನ ಮತ್ತಿ ಮರದ ಹಲಗೆ, ನಡುವೆ ನೀರು ಇಳಿಯಲು ಸಂದು, ಮೇಲೆ ಎತ್ತಿ ತೊಳೆಯುವ ರಬ್ಬರ್ ಮ್ಯಾಟು. ಹತ್ತುವ ಹಲಗೆಗೆ ಅಡ್ಡ ಪಟ್ಟಿ, ಕಾಲು ಜಾರದ ಹಾಗೆ. ಮುಂದೆ ಮನುಷ್ಯರು ಹೊರಬರಲು ಪುಟ್ಟ ಬಾಗಿಲು. ಎರಡೂ ಕಡೆ ಗಾಳಿ. ಕೊಕ್ಕೆ ಕಳಚಿದರೂ ಗಾಡಿ ಬಿಟ್ಟುಹೋಗದಂತೆ ಎರಡು ಚೈನು. ಬ್ರೇಕ್ ಲೈಟು.

ಕುದುರೆಯ ಎಡಬಲಕ್ಕೆ ಹಲಗೆ, ನೆಲದವರೆಗೆ, ಒಳಗಡೆ ಮೆತ್ತೆ. ನಡುವಿನ ಅಗಲ 68. ಹೊಟ್ಟೆ 58, ಆಚೆ ಐದು, ಈಚೆ ಐದು. ಅಲ್ಲಾಡಲು ಜಾಗವಿಲ್ಲದಿದ್ದರೆ ಬೀಳಲೂ ಇಲ್ಲ. ಈ ಒಂದಕ್ಕೆ ಮಾತ್ರ ಬೋರಣ್ಣ ತಕ್ಷಣ ತಲೆಯಾಡಿಸಿದರು. "ಇದು ನೋಡ್ರಿ ಮಾತು. ಒತ್ತಾಗಿದ್ರೆ ಸೇಫು."

ನಕ್ಷೆಯ ಕೆಳಗೆ ಸಹಿ ಹಾಕಿ, ತಾರೀಕು ಬರೆದು ಕೊಟ್ಟೆ.

ನವೆಂಬರ್ 2, ಶನಿವಾರ

ದೀಪಾವಳಿ. ಬೋರಣ್ಣ ಫೋನ್ ತೆಗೆಯುತ್ತಿಲ್ಲ. ಹೊಸ ಕಾದಂಬರಿ ಶುರು ಮಾಡಿದೆ, ದ್ವೀಪವೊಂದರ ಕಥೆ. ಕುದುರೆ ಇಲ್ಲ. ನೆಮ್ಮದಿ.

ನವೆಂಬರ್ 9, ಶನಿವಾರ

ಆಯಿತು! ಹಸಿರು ಬಣ್ಣ. ಕೇಳಿದ್ದು ಬೂದು. ಬಿಟ್ಟೆ. ಪ್ರತಿ ಬೆಸುಗೆಯ ಮೇಲೆ ಬೆರಳಾಡಿಸಿದೆ, ಚೂಪು ಎಲ್ಲೂ ಇಲ್ಲ. ಒಳಗೆ ಎಂಟು ಅಳತೆ, ಎಂಟೂ ನಕ್ಷೆಯದೇ. ಅಣ್ಣ ಪಿಕಪ್ ತಂದಿದ್ದ. ಕೊಕ್ಕೆ ಸಿಕ್ಕಿಸಿ ಚೈನು ನೋಡಿ, "ಕೊಕ್ಕಿ ಐತಲ್ಲ, ಇದ್ಯಾಕೆ?" ಎಂದ. "ಕೊಕ್ಕೆ ಮನುಷ್ಯರು ಮಾಡಿದ್ದು" ಎಂದೆ. "ಚೈನೇನ್ ದ್ಯಾವ್ರು ಬೀರಪ್ಪ ಮಾಡಿದ್ನಾ?"

ನಾಳೆ ಹತ್ತಿಸುವುದು.

ನವೆಂಬರ್ 10, ಭಾನುವಾರ

ಇಲ್ಲ.

ನವೆಂಬರ್ 14, ಗುರುವಾರ. ಬೆಳಿಗ್ಗೆ 6

ನಾಲ್ಕು ದಿನ ಬರೆಯಲಿಲ್ಲ. ಈಗ ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಭಾನುವಾರ 9.20ಕ್ಕೆ ಕೆಂಚಿ ಹತ್ತಿದಳು. ಬೆಲ್ಲ, ಜೋಳ, ಇಪ್ಪತ್ತೈದು ನಿಮಿಷ. ಹಲಗೆಗಳ ನಡುವೆ ಸರಿಯಾಗಿ ನಿಂತಳು, ಒರೆಯಲ್ಲಿ ಕತ್ತಿಯ ಹಾಗೆ. ಮುದ್ದಕ್ಕತ್ತೆ, "ಬಿಗಿ ಆತಲ್ಲೇ" ಎಂದರು. "ಬಿಗಿ ಇದ್ರೆ ಬೀಳಲ್ಲ ಅತ್ತೆ" ಎಂದೆ.

ಕೆರೆ ಏರಿಯ ತಿರುವು. ಗಾಡಿಯ ವೇಗ ಇಪ್ಪತ್ತೂ ಇರಲಿಲ್ಲ. ಹಿಂದೆ ಗುದ್ದುವ ಸದ್ದು. ಒಂದು, ಎರಡು, ಆಮೇಲೆ ಲೆಕ್ಕವಿಲ್ಲ. ನಿಲ್ಲಿಸಿ ಓಡಿದೆವು. ಎಡದ ಹಲಗೆಗೆ ಪೂರ್ತಿ ಒರಗಿಬಿಟ್ಟಿದ್ದಾಳೆ. ನಾಲ್ಕೂ ಕಾಲು ಬಲದ ಹಲಗೆಯ ಮೇಲೆ ಗೋಡೆ ಹತ್ತುವ ಹಾಗೆ ಕೆರೆಯುತ್ತಿವೆ. ಕಣ್ಣಿನ ಬಿಳಿ. ಬೆವರು ನೊರೆಯಾಗಿತ್ತು. ಹಿಂದಿನ ಎಡಗಾಲಿನ ಗೆಣ್ಣಿನ ಮೇಲೆ ಚರ್ಮ ಕಿತ್ತು ರಕ್ತ. ಬಿದ್ದಿರಲಿಲ್ಲ, ನಿಜ. ನಿಂತೂ ಇರಲಿಲ್ಲ.

ಇಳಿಸಿದೆವು. ಅತ್ತೆ ಗಾಯಕ್ಕೆ ಅರಿಸಿನ ಮೆತ್ತುತ್ತ, ನನ್ನ ಕಡೆ ನೋಡದೆ ಹೇಳಿದರು: "ಕುರಿ ಆದ್ರೆ ಪಕ್ಕದ್ ಕುರಿಗೆ ಒರಗ್ತೈತೆ. ಇವ್ಳು ಒರಗಲ್ಲ ತಾಯಿ, ಕಾಲು ಅಗಲಿಸ್ತಾಳೆ. ಹೊಸದುರ್ಗದ್ ಬಸ್ಸಿನಾಗೆ ಸೀಟ್ ಸಿಗದಿದ್ರೆ ನೀನೆಂಗ್ ನಿಂತ್ಕಂತೀಯ? ಕಾಲ್ ಜೋಡಿಸ್ಕಂಡಾ?"

ನಾನು ಅಳೆದದ್ದು ನಿಂತ ಕುದುರೆಯನ್ನು. ನೆಲ ಅಲುಗಾಡುವಾಗ ಅವಳಿಗೆ ಬೇಕಾದ ಅಗಲ ಬೇರೆ. ಎಂಟು ಅಳತೆ ಸರಿ, ಒಂಬತ್ತನೆಯದು ತೆಗೆದುಕೊಂಡೇ ಇಲ್ಲ. ಕುರಿಯವರ ಮಗಳು ಕುರಿಗೆ ಗಾಡಿ ಕಟ್ಟಿಸಿದೆ.

ಇನ್ನೊಂದಿದೆ. ಅಕ್ಟೋಬರ್ ಆರನೇ ತಾರೀಕು ಕರಿಯನ ಬಗ್ಗೆ ಬರೆದದ್ದು ಸುಳ್ಳಲ್ಲ. ಪೂರ್ತಿಯೂ ಅಲ್ಲ.

ಹೋದ ವರ್ಷ ನವೆಂಬರ್ 26, ಭಾನುವಾರ. ಲಾರಿಯ ಒಂದು ಮೂಲೆಯಲ್ಲಿ ಅಣ್ಣ ಅಡ್ಡ ಬೊಂಬು ಕಟ್ಟಿ ಕುದುರೆಗಳಿಗೆ ಜಾಗ ಬಿಟ್ಟಿದ್ದ. ಇಷ್ಟು ಖಾಲಿ ಬಿಟ್ಟರೆ ಜೋಲಿ ಹೊಡೆದು ಬೀಳುತ್ತವೆ, ಸುತ್ತ ಕುರಿ ಒತ್ತು ಎಂದದ್ದು ನಾನು. ಬೊಂಬು ಬಿಚ್ಚಿಸಿದ್ದು ನಾನು. ಓದಿದವಳು, ಅಳತೆಯವಳು ಎಂದು ಅಣ್ಣ ನನ್ನ ಮಾತು ಕೇಳಿದ. ಹನ್ನೆರಡು ಕುರಿ ಒಳಗೆ ತಳ್ಳಿಸಿದೆ. ಹೊಳಲ್ಕೆರೆಯಲ್ಲಿ ಇಳಿದೆ. ಮನೆಗೆ ಹೋಗಿ ಉಂಡೆ. ಓದುತ್ತ ಮಲಗಿದ್ದಾಗ ಫೋನ್ ಬಂತು.

ಒಂದು ವರ್ಷ ಹಟ್ಟಿ ಅಣ್ಣನನ್ನು ಅಂದಿತು. ಅವನು ಒಂದು ಸಲವೂ, ಜಗಳದಲ್ಲೂ, ಕುಡಿದಾಗಲೂ ನನ್ನ ಹೆಸರು…

ಈ ಪುಸ್ತಕ ಯಾರೂ ಓದುವುದಿಲ್ಲ. ಆದರೂ ಇದರಲ್ಲೂ ಬರೆದಿರಲಿಲ್ಲ.

ನವೆಂಬರ್ 17, ಭಾನುವಾರ. ಹಿರಿಯೂರು

ಬೋರಣ್ಣ ನನ್ನನ್ನು ನೋಡಿದ್ದೇ ಡ್ರಾಯರಿನಿಂದ ನಕ್ಷೆ ತೆಗೆದು ಹಿಡಿದರು. "ಅಳತಿ ನಿಮ್ದೇ ಮೇಡಂ. ಸಹಿನೂ ಐತೆ."

"ನನ್ನದೇ. ತಪ್ಪು ನನ್ನದು. ನಡುವಿನ ಹಲಗೆ ಎರಡೂ ಕತ್ತರಿಸಿ."

ಕೈಲಿದ್ದ ಕಾಗದ ಕೆಳಗಿಳಿಯಿತು. ಜಗಳಕ್ಕೆ ಸಿದ್ಧವಾಗಿದ್ದವರಿಗೆ ಜಗಳ ಸಿಗದಿದ್ದರೆ ಹೇಗೋ, ಹಾಗೆ. ಆಮೇಲೆ ಕುರ್ಚಿ ಒರೆಸಿ, "ಕುಂತ್ಕಳ್ರಿ, ಟೀ ಕುಡೀರಿ" ಎಂದರು. "ಗಂಡಸ್ರು ಬಂದಿದ್ರೆ ಇಷ್ಟೊತ್ತಿಗೆ ನನ್ ವೆಲ್ಡಿಂಗ್ ಸರಿಯಿಲ್ಲ ಅಂತಿದ್ರು."

ಈಗ ಒಳಗಿನ ಅಗಲ 152, ಪೂರ್ತಿ. ಎದೆಗೆ ಒಂದು ಅಡ್ಡ ಕಂಬಿ, ಹಿಂದೆ ಒಂದು, ಎರಡಕ್ಕೂ ಮೆತ್ತೆ. ಓರೆಯಾಗಿ ನಿಲ್ಲಬಹುದು, ಕಾಲು ಅಗಲಿಸಬಹುದು. ಗೋಡೆಯ ಬುಡಕ್ಕೆ ಸುತ್ತ ರಬ್ಬರು.

"ಇಷ್ಟ್ ಜಾಗದಾಗೆ ಬಿದ್ರೆ?"

"ಬಿದ್ರೆ ಏಳೋದಕ್ಕೂ ಜಾಗ ಇರುತ್ತೆ."

ಹೇಳಿ, ಟೀ ಲೋಟದೊಳಗೆ ನೋಡುತ್ತ ಕೂತೆ. ಬೋರಣ್ಣ ವೆಲ್ಡಿಂಗ್ ಕನ್ನಡಕ ಹಾಕಿಕೊಂಡು ಆಚೆ ತಿರುಗಿದರು. ಒಳ್ಳೆಯ ಮನುಷ್ಯ.

ನವೆಂಬರ್ 24, ಭಾನುವಾರ. ಬಾಗೂರು

ಎರಡು ಸಂಗತಿ.

ಒಂದು. ಹಟ್ಟಿಯ ಹಿರಿಯರು ಚಿತ್ರಲಿಂಗಪ್ಪ ಬೇವಿನ ಮರದ ಕೆಳಗೆ ಕೂತಿದ್ದರು. ಇನ್ನೂ ಏಳೆಂಟು ಜನ. ಅಣ್ಣ ಟ್ರೇಲರ್ ಹಿಂದಕ್ಕೆ ತಿರುಗಿಸುತ್ತಿದ್ದ. ಚಿತ್ರಲಿಂಗಪ್ಪ ಕೂಗಿದರು: "ಏನಪ್ಪ ಓಬಳೇಶ, ಹೋದ್ ಸಲ ಲಾರಿಯಾಗೆ ಸಾಯಿಸ್ದೆ, ಈ ಸಲ ಡಬ್ಬಿಯಾಗೋ?" ನಗು. ಅಣ್ಣ ಸ್ಟೇರಿಂಗ್ ನೋಡುತ್ತಲೇ ಇದ್ದ.

ಮರದ ಕೆಳಗೆ ಹೋದೆ. "ಮಾವ, ಕರಿಯನ ಸುತ್ತ ಕುರಿ ಒತ್ತಿಸಿದ್ದು ನಾನು. ಅಣ್ಣ ಜಾಗ ಬಿಟ್ಟಿದ್ದ. ಬೊಂಬು ಬಿಚ್ಚಿಸಿದ್ದೂ ನಾನೇ. ಇನ್ನು ಮೇಲೆ ಅನ್ನೋದಿದ್ರೆ ನನಗೆ ಅನ್ನಿ. ಹೊಳಲ್ಕೆರೆ ಸರ್ವೆ ಆಫೀಸು, ಹತ್ತರಿಂದ ಐದೂವರೆ."

ನಗು ನಿಂತಿತು. ಚಿತ್ರಲಿಂಗಪ್ಪ ಬಾಯಿಯ ಎಲೆಅಡಿಕೆ ಉಗುಳಿ ಬಂದರು. "ಒಂದ್ ವರ್ಷ ಏನ್ ಮಾಡ್ತಿದ್ದೆ ಮಗಾ?"

"ಹೆದರಿಕೊಂಡಿದ್ದೆ."

ಅಣ್ಣ ಇಳಿದು ಬಂದ. ಕೋಪ ಬಂದಿತ್ತು — ನನ್ನ ಮೇಲೆ! "ಯಾಕ್ ಹೇಳಕ್ ಹೋದೆ?"

"ನೀನ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಕರಿಯ ಎದ್ ಬರ್ತಿದ್ನಾ? ನೀನ್ ಹಟ್ಟಿಗ್ ಬರಾದು ಬಿಡ್ತಿದ್ದೆ, ಅಷ್ಟೇ."

ಎರಡನೆಯದು. ಕೆಂಚಿ ಹತ್ತಲಿಲ್ಲ. ಎರಡು ಗಂಟೆ. ಬೆಲ್ಲ, ಜೋಳ, ಹಸಿ ಹುಲ್ಲು. ಹತ್ತುವ ಹಲಗೆಯ ಹತ್ತಿರ ಬಂದು ಮೂಸುತ್ತಾಳೆ, ಹಿಂದೆ ಸರಿಯುತ್ತಾಳೆ. ಒಳಗಿನ ಗೋಡೆ ಹೋಗಿದೆ ಎಂದು ಅವಳಿಗೆ ಹೇಗೆ ಹೇಳುವುದು? ಗಾಡಿ ಬದಲಾಗಿದೆ, ಅವಳಿಗೆ ನೆನಪಿರುವುದು ಹಳೆಯದು. ಆ ನೆನಪು ನಾನು ಕೊಟ್ಟದ್ದು.

"ತಾರೀಕು ಬದ್ಲಾಗಲ್ಲ ರಂಜಿ" ಎಂದ ಅಣ್ಣ. ಮೆತ್ತಗೆ ಹೇಳಿದ, ಅದೇ ಕಷ್ಟ. "ಲಾರಿಯಾಗೆ ನಾನೂ ಹತ್ತಿಸಲ್ಲ ಅವ್ಳನ್ನ. ಬಾಲರಾಜು ಒಂದನೇ ತಾರೀಕು ಬರ್ತಾನೆ."

"ಬರಲಿ. ನೋಡಿಕೊಂಡು ಹೋಗಲಿ."

ನವೆಂಬರ್ 30, ಶನಿವಾರ. ಹಟ್ಟಿ

ರಜೆ ಹಾಕಿ ಗುರುವಾರದಿಂದ ಇಲ್ಲೇ ಇದ್ದೇನೆ. ಟ್ರೇಲರ್ ಪಕ್ಕದಲ್ಲೇ ಅವಳಿಗೆ ಮೇವು. ನಿನ್ನೆ ಮುಂಗಾಲು ಎರಡು ಇಟ್ಟಳು. ಇವತ್ತು ಒಂದೂ ಇಲ್ಲ. ಗೆಣ್ಣಿನ ಗಾಯ ಒಣಗಿದೆ.

ಎಲ್ಲರೂ ಉಪಾಯ ಹೇಳುತ್ತಾರೆ. ಕಣ್ಣಿಗೆ ಬಟ್ಟೆ ಕಟ್ಟು. ಹಿಂದಿನಿಂದ ಹಗ್ಗ ಹಾಕಿ ಎಳಿ. ಬಾಲ ತಿರುಚು. ಇಲ್ಲ. ಹೆದರಿಸಿ ಹತ್ತಿಸಿದರೆ ತೊಂಬತ್ತು ಕಿಲೋಮೀಟರ್ ಹೆದರಿಕೊಂಡೇ ನಿಲ್ಲುತ್ತಾಳೆ. ಸುರಕ್ಷಿತ ಅನ್ನುವುದು ಗಾಡಿಯಲ್ಲಿ ಮಾತ್ರ ಇಲ್ಲ. ಇದನ್ನು ಯಾವ ವಿಡಿಯೊದಲ್ಲೂ ಹೇಳಲಿಲ್ಲ, ಅಥವಾ ನಾನು ಅಳತೆ ಬರೆದುಕೊಳ್ಳುವ ಗಡಿಬಿಡಿಯಲ್ಲಿ ಕೇಳಿಸಿಕೊಳ್ಳಲಿಲ್ಲ.

ಡಿಸೆಂಬರ್ 1, ಭಾನುವಾರ. ಬೆಳಿಗ್ಗೆ 6.50

ಲಾರಿ ಬಂದಿದೆ, ಎಂಟಕ್ಕೆ ಹೊರಡುತ್ತದೆ. ಕುರಿ ತುಂಬುತ್ತಿದ್ದಾರೆ. ಬಾಲರಾಜುವೂ ಬಂದಿದ್ದಾನೆ. ಹೊಸ ಬಿಳಿ ಹಗ್ಗ, ಹಣೆಗೆ ಕಟ್ಟುವ ಕುಚ್ಚು ಕೂಡ.

7.25

ಕೆಂಚಿ ಹಲಗೆಯ ಬುಡದಲ್ಲಿ. ಕಿವಿ ಹಿಂದಕ್ಕೆ. ಬಾಲರಾಜು: "ನಾಕ್ ಜನ ಸೇರಿ ತಳ್ಳಾಣ ಬಿಡ್ರಿ ಮೇಡಂ. ಹತ್ತಿದ್ರೆ ನಿಮ್ದು, ಹತ್ಲಿಲ್ಲಾಂದ್ರೆ ನಂದು."

"ಯಾರೂ ಕೈ ಹಚ್ಚಬೇಡಿ."

"ಹಂಗಾರೆ ಎಂಟ್ ಗಂಟಿಗೆ ನಂದೇ."

ಅಣ್ಣ ಕೈಗಡಿಯಾರ ನೋಡಿಕೊಂಡ.

8.30, ಪಿಕಪ್‌ನಲ್ಲಿ

ಹೊರಟಿದ್ದೇವೆ. ಜಮೀನಿನ ಅಳತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕುಣಿಯುತ್ತಿವೆ.

ಎಂಟಕ್ಕೆ ಏಳು ನಿಮಿಷ ಇತ್ತು. ಮುದ್ದಕ್ಕತ್ತೆ ಬಿಡಾರದ ಗಂಟು ಹೊತ್ತು ಲಾರಿಯ ಕಡೆ ಹೋಗುತ್ತಿದ್ದವರು ನಿಂತು ನೋಡಿದರು. "ಅಲ್ರೋ, ಹೇರು ಹಾಕ್ದೆ ಎಲ್ಲಿಗ್ ಹೊರಡ್ತಾಳ್ರೋ ಅವ್ಳು? ನೆಂಟ್ರ ಮನಿಗಾ?"

ನಮ್ಮವರಲ್ಲಿ ಬಿಡಾರ ಕೀಳುವ ದಿನ ಮೊದಲು ಕುದುರೆಗೆ ಹೇರು. ಕಂಬಳಿ, ಪಾತ್ರೆ, ಹಿಟ್ಟಿನ ಚೀಲ, ಎಲ್ಲದರ ಮೇಲೆ ನಡೆಯಲಾರದ ಎಳೆಮರಿ. ಕಟ್ಟಿದವರು ಮುಂದೆ ನಡೆಯುತ್ತಾರೆ, ತಿರುಗಿ ನೋಡುವುದಿಲ್ಲ. ತಿರುಗಿದರೆ ಕುದುರೆ ನಿಲ್ಲುತ್ತದೆ. ಹತ್ತು ವರ್ಷ ಕೆಂಚಿ ಹೊರಟದ್ದು ಹಾಗೆ. ನಾವು ಮೂರು ವಾರದಿಂದ ಅವಳ ಬೆನ್ನು ಖಾಲಿ ಬಿಟ್ಟು, ಮುಖಕ್ಕೆ ಮುಖ ಕೊಟ್ಟು, ಬಾ ಬಾ ಎಂದು ಬೇಡುತ್ತಿದ್ದೆವು.

ಅತ್ತೆ ಎರಡು ಕಂಬಳಿ, ಒಂದು ಪಾತ್ರೆ, ಮೂರು ದಿನದ ಮರಿಯ ಜೋಳಿಗೆ ಹೇರಿದರು. ನನಗೆ ತಡೆಯಲಾಗಲಿಲ್ಲ — "ಹೇರಿನ ಜೊತೆ ಗಾಡಿ ಓಡಿಸುವಂತಿಲ್ಲ ಅತ್ತೆ!"

"ಒಳಗೋದ್ ಮ್ಯಾಲ್ ಇಳಿಸ್ಕಂತೀನಿ ಕಣೇ. ನಿಂಗೊಬ್ಳಿಗೇನಾ ಬುದ್ಧಿ ಇರಾದು? ಸರ್ಕಂಡು ನಿಂತ್ಕ."

ಹಗ್ಗ ಹೆಗಲಿಗೆ ಹಾಕಿಕೊಂಡು, ಮೊಣಕಾಲು ಹಿಡಿದು, ಹಲಗೆ ಹತ್ತಿದರು. ತಿರುಗಿ ನೋಡಲಿಲ್ಲ. ಹಗ್ಗ ಸಡಿಲವೇ ಇತ್ತು. ಕೆಂಚಿ ಒಮ್ಮೆ ಉಸಿರು ಬಿಟ್ಟಳು. ಪಟ್ಟಿಯ ಮೇಲೆ ಗೊರಸಿನ ಸದ್ದು. ನಾಲ್ಕು ಹೆಜ್ಜೆ. ಒಳಗೆ. ಕಾಲು ಅಗಲಿಸಿದಳು, ತನಗೆ ಬೇಕಾದಷ್ಟು. ಹಿಂದಿನ ಕಂಬಿ ನಾನು ಹಾಕಿದೆ. ಅತ್ತೆ ಹೇರು ಇಳಿಸಿ, ಮರಿ ಎತ್ತಿಕೊಂಡು, ಪುಟ್ಟ ಬಾಗಿಲಿನಿಂದ ಬಗ್ಗಿ ಬಂದರು. 7.58.

ಬಾಲರಾಜು ತನ್ನ ಹಗ್ಗ ಸುತ್ತತೊಡಗಿದ.

"ಹಗ್ಗ ಇಲ್ಲೇ ಬಿಟ್ ಹೋಗಪ್ಪ" ಎಂದರು ಅತ್ತೆ, "ಹಟ್ಟಿಗೆ ಬಂದೋರು ಬರಿಗೈಯಾಗೆ ಬರಬಾರ್ದು." ಕುಚ್ಚನ್ನೂ ಕಸಿದುಕೊಂಡು ಮರಿಯ ಕೊರಳಿಗೆ ಕಟ್ಟಿದರು.

ಅಣ್ಣ ಚೈನು ಎರಡೂ ಜಗ್ಗಿ ನೋಡಿದ. ನಾನು ಹೇಳದೆ. ಎರಡು ಸಲ.

10.40. ಚಿಕ್ಕಜಾಜೂರು ದಾಟಿ, ರೈಲ್ವೆ ಗೇಟ್

ಗೇಟ್ ಹಾಕಿದೆ. ಇಳಿದು ನೋಡಿ ಬಂದೆ. ಓರೆಯಾಗಿ ನಿಂತಿದ್ದಾಳೆ, ನಾನು ನಕ್ಷೆಯಲ್ಲಿ ಯೋಚಿಸದ ಒಂದು ಕೋನದಲ್ಲಿ. ಬೆವರಿಲ್ಲ. ಅರ್ಧ ಬಕೆಟ್ ನೀರು ಕುಡಿದಳು.

ಗೂಡ್ಸ್ ರೈಲು. ಐವತ್ತೆಂಟು ಡಬ್ಬಿ. ಪಕ್ಕದಲ್ಲೇ. ನೆಲ ನಡುಗಿತು. ನಾನು ಕಿಟಕಿಯಿಂದ ಕತ್ತು ಹೊರಗೆ ಹಾಕಿಕೊಂಡೇ ಇದ್ದೆ. ಗುದ್ದುವ ಸದ್ದು ಬರಲಿಲ್ಲ. ಒಂದು ಹೆಜ್ಜೆ ಆಚೆ, ಒಂದು ಈಚೆ, ನಿಂತಳು.

"ಹೆಂಗವ್ಳೆ?" ಅಣ್ಣನ ಕೈ ಸ್ಟೇರಿಂಗ್ ಬಿಟ್ಟಿಲ್ಲ.

"ನಿಂತಿದ್ದಾಳೆ."

"ಹಳಿ ಎತ್ತರ ಐತೆ. ಮೆತ್ತಗೆ ದಾಟಿಸ್ತೀನಿ. ಹಿಂದ್ಲೋರು ಬಯ್ಕಂತಾರೆ."

"ಬಯ್ಯಲಿ."

ಗೇಟು ಎದ್ದಿತು. ಮೊದಲ ಗೇರು. ಹಿಂದೆ ಅದಿರು ಲಾರಿ, ಬಸ್ಸು, ಇನ್ನೊಂದು ಲಾರಿ, ಎಲ್ಲರ ಹಾರ್ನು ಒಟ್ಟಿಗೆ. ಯಾರೋ ಬಾಗಿಲು ತೆಗೆದು ಇಳಿದು ಕೂಗುತ್ತ ಬರುತ್ತಿದ್ದಾನೆ. ಬರಲಿ. ಅಣ್ಣ ಕನ್ನಡಿ ನೋಡಿ ಇನ್ನೂ ನಿಧಾನ ಮಾಡಿದ. ಮುಂದಿನ ಚಕ್ರ ಹಳಿಯ ಮೇಲೆ. ಈಗ ಅವಳ ಚಕ್ರ. ಕೂಗುವವನು ನನ್ನ ಕಿಟಕಿಗೆ ಬಂದ, ಪುಸ್ತಕ ಮಡಿಲಲ್ಲಿಟ್ಟು ಅವನಿಗೆ ಹೇಳಬೇಕು: ಒಳಗೆ ಕುದುರೆ ನಿಂತಿದೆ.